ಮಾಸ್ತರರ ದನಿಗೆ ತಕ್ಕ ಪಿಕಪ್

ನಮ್ಮ ಬ್ಯಾಂಡಿನಲ್ಲಿ ನಗುವ ಪ್ರಸಂಗಗಳು ಯಾಕೋ ಅಳುವ ದಿನಗಳನ್ನೇ ನೋಡಿಕೊಂಡು ಬರುತ್ತವೆ. ಒಳ್ಳೆಯ ದಿನ ಏನೂ ಆಗುವುದಿಲ್ಲ. ಬರುತ್ತೇವೆ, ಬಾರಿಸುತ್ತೇವೆ, ಚಹಾ ಕುಡಿದು ಮನೆಗೆ ಹೋಗುತ್ತೇವೆ.

ನಾವು ಮೂವರು. ನಾನು ಗೋಕಾಕದಲ್ಲಿ ಸುಟ್ಟ ನೀರಿನ ಮೋಟರುಗಳಿಗೆ ಹೊಸದಾಗಿ ತಾಮ್ರದ ತಂತಿ ಸುತ್ತಿಕೊಡುವವನು. ಬ್ಯಾಂಡಿನಲ್ಲಿ ಗಿಟಾರ್ ನನ್ನದು. ಡ್ರಮ್ ಬಾರಿಸುವವರು ಮೂಡಲಗಿ ಕಡೆಯ ದನದ ಡಾಕ್ಟರು. ಹಾಡುವವರು ಹುಕ್ಕೇರಿಯ ಹೈಸ್ಕೂಲಿನ ಗಣಿತದ ಮಾಸ್ತರರು, ನನಗೂ ಹತ್ತನೇ ತರಗತಿಯಲ್ಲಿ ಕಲಿಸಿದವರು. ನಾವು ಬಾರಿಸುವುದು ಹೆವಿ ಮೆಟಲ್. ಹಾಗಾಗಿ ಅವರದು ಹಾಡುವುದೂ ಅಲ್ಲ, ಗಂಟಲಿನ ತಳದಿಂದ ಗುಡುಗುವುದು. ರವಿವಾರ ಕುಲಗೋಡದ ಹೊರಗೆ, ಬೆಲ್ಲ ಮಾಡುವುದು ನಿಂತುಹೋದ ಒಂದು ಶೆಡ್ಡಿನಲ್ಲಿ ಸೇರುತ್ತಿದ್ದೆವು. ಸುತ್ತ ಕಬ್ಬು. ಕಬ್ಬು ಇದುವರೆಗೆ ಯಾರ ಹತ್ತಿರವೂ ತಕರಾರು ಹೇಳಿಲ್ಲ.

ಗಿಟಾರಿನ ತಂತಿಗಳ ಕೆಳಗೆ ಕಡ್ಡಿಪೆಟ್ಟಿಗೆಯಷ್ಟು ಒಂದು ವಸ್ತು ಇರುತ್ತದೆ, ಅದೇ ಪಿಕಪ್. ಆಯಸ್ಕಾಂತದ ಸುತ್ತ ಕೂದಲಿಗಿಂತ ಸಣ್ಣ ತಾಮ್ರದ ತಂತಿ, ಸಾವಿರಾರು ಸುತ್ತು. ಮೇಲಿನ ತಂತಿ ನಡುಗಿದರೆ ಇದರೊಳಗೆ ಕರೆಂಟ್ ಹುಟ್ಟುತ್ತದೆ, ಆಂಪ್ಲಿಫೈಯರ್ ಅದನ್ನು ದೊಡ್ಡದು ಮಾಡುತ್ತದೆ. ಹೆವಿ ಮೆಟಲಿಗೆ ಬೇಕಾದ ಒರಟು ದನಿ ಬರುವುದೂ ಹಾಳಾಗುವುದೂ ಇದರಿಂದಲೇ. ಸರಿಯಾದದ್ದೊಂದನ್ನು ಹುಡುಕಲು ನಮಗೆ ಎರಡು ವರ್ಷ ಹಿಡಿಯಿತು.

೧. ಗೋಡೆಯ ಕಡೆ

ನಮಗೆ ಇದ್ದವರು ಒಬ್ಬರೇ ಅಭಿಮಾನಿ, ಹುಕ್ಕೇರಿಯ ನಿವೃತ್ತ ಡ್ರಿಲ್ ಮಾಸ್ತರರು. ಅವರು ತೀರಿಕೊಂಡರು. ಮಗ ಬಂದು, “ನಮ್ಮಪ್ಪಾ ನಿಮ್ಮದು ಕೇಳಾಕ ಎರಡು ಬಸ್ ಬದಲಿ ಮಾಡಿ ಕುಲಗೋಡಕ್ಕ ಬರ್ತಿದ್ದರು. ಶೋಕಸಭಿಯೊಳಗ ಒಂದು ಹಾಡು ಬಾರಸ್ರಿ” ಎಂದು ಕೇಳಿದ. ನಮ್ಮ ಮೊದಲ ಕಾರ್ಯಕ್ರಮ ಅದು.

ಆಗ ನನ್ನ ಗಿಟಾರಿಗಿದ್ದದ್ದು ಒಂದೇ ಸುರುಳಿಯ ಪಿಕಪ್. ಅದು ತಂತಿಯ ದನಿಯ ಜೊತೆಗೆ ಟ್ಯೂಬ್‌ಲೈಟು, ಫ್ಯಾನು, ಹೊಲದ ಮೋಟರು, ಎಲ್ಲದರ ಗುಂಯ್‌ಗುಟ್ಟುವಿಕೆಯನ್ನೂ ಎಳೆದುಕೊಳ್ಳುತ್ತದೆ. ಸಭೆಯಲ್ಲಿ ಎಲ್ಲರೂ ಒಂದು ನಿಮಿಷ ಮೌನಕ್ಕೆ ಎದ್ದು ನಿಂತರು. ನನ್ನ ಆಂಪ್ಲಿಫೈಯರ್ ಮಾತ್ರ ಗುಂಯ್ ಎನ್ನುತ್ತಲೇ ಇತ್ತು. ಹಾರ ಹಾಕಿದ ಫೋಟೋದಿಂದ ಡ್ರಿಲ್ ಮಾಸ್ತರರು ನನ್ನನ್ನೇ ನೋಡುತ್ತಿದ್ದರು.

ಈ ಜಾತಿಯ ಪಿಕಪ್ಪಿಗೆ ಒಂದು ಗುಣವಿದೆ. ಗಿಟಾರನ್ನು ಒಂದು ದಿಕ್ಕಿಗೆ ತಿರುಗಿಸಿದರೆ ಗುಂಯ್ ಕಡಿಮೆಯಾಗುತ್ತದೆ. ನಾನು ಕೈ ಮುಗಿದುಕೊಂಡೇ ಸಾವಕಾಶ ತಿರುಗಿದೆ. ಪೂರ್ತಿ ನಿಂತದ್ದು ನಾನು ಗೋಡೆಗೆ ಮುಖ ಮಾಡಿದಾಗ. ಮತ್ತೆ ಈ ಕಡೆ ತಿರುಗುವ ಧೈರ್ಯ ಆಗಲಿಲ್ಲ. ಇಡೀ ಹಾಡನ್ನು ಜನರಿಗೆ ಬೆನ್ನು ಹಾಕಿಯೇ ಬಾರಿಸಿದೆ.

ಮುಗಿದ ಮೇಲೆ ಮುಂದಿನ ಸಾಲಿನ ಹಿರಿಯರೊಬ್ಬರು ಮಾಸ್ತರರನ್ನು ಬದಿಗೆ ಕರೆದು ಕೇಳಿದರು, “ಅಂವ ಏನ್ ತಪ್ಪ ಮಾಡ್ಯಾನ್ರಿ ಸರ, ಗ್ವಾಡಿ ಕಡೆ ಮಾರಿ ಮಾಡಿ ನಿಲ್ಲಿಸೀರಿ?”

ಮಾಸ್ತರರು ಹೇಳಿದರು, “ಹತ್ತನೇತ್ತದಾಗ ಒಂದು ಲೆಕ್ಕಾ ಕೊಟ್ಟಿದ್ದೆ. ಇನ್ನೂ ಉತ್ತರ ಬಂದಿಲ್ಲ.”

೨. ಎಮ್ಮೆಯೋ ಆಕಳೋ

ಗುಂಯ್ ಹೋಗಬೇಕಾದರೆ ಎರಡು ಸುರುಳಿಯ ಪಿಕಪ್ ಬೇಕು. ಎರಡನ್ನೂ ಒಂದಕ್ಕೊಂದು ಉಲ್ಟಾ ಜೋಡಿಸಿರುತ್ತಾರೆ. ಹೊರಗಿನ ಗದ್ದಲ ಒಂದರಲ್ಲಿ ಪ್ಲಸ್, ಇನ್ನೊಂದರಲ್ಲಿ ಮೈನಸ್, ಕೂಡಿದರೆ ಸೊನ್ನೆ. ಮಾಸ್ತರರು ಇದನ್ನು ನನಗೆ ಬೋರ್ಡಿನ ಮೇಲೆ ಬರೆದು ತೋರಿಸಿದರು.

ನಾನು ಪಿಕಪ್ ತರಲು ಕೊಲ್ಹಾಪುರಕ್ಕೆ ಹೊರಟಿದ್ದೇನೆ ಎಂದು ನನ್ನ ಹೆಂಡತಿ ಬಾಜೂ ಮನೆಯಲ್ಲಿ ಹೇಳಿಬಿಟ್ಟಿದ್ದಳು. ಬಸ್‌ಸ್ಟ್ಯಾಂಡಿಗೆ ಹೋಗುವಾಗ ಆ ಮನೆಯ ಕಾಕಾ ಅಡ್ಡ ನಿಂತು, “ಬರೂ ಮುಂದ ಪಿಕಪ್ ಗಾಡಿ ಖಾಲೀನ ಇರತೈತಿ. ಸಂಕೇಶ್ವರದಾಗ ನಮ್ಮ ಬೀಗರ ಮನ್ಯಾಗಿಂದ ಕಪಾಟು ಹಾಕ್ಕೊಂಡ ಬರ್ರಿ” ಎಂದರು. ಬಸ್ಸು ಹೊರಡುವುದರಲ್ಲಿತ್ತು, ಆಗಲಿ ಎಂದೆ.

ಅವತ್ತು ದನದ ಡಾಕ್ಟರು ನನ್ನ ಜೊತೆ ಬಂದಿದ್ದರು. ದಾರಿಯುದ್ದಕ್ಕೂ ಮಾತಿಲ್ಲ. ಬೆಳಗ್ಗೆ ಅವರ ಕೈಯಲ್ಲೇ ಒಂದು ಎಮ್ಮೆ ಸತ್ತಿತ್ತು, ಕರು ಅಡ್ಡ ಸಿಕ್ಕಿಕೊಂಡು. ಅದು ಆ ಮನೆಯಲ್ಲಿದ್ದ ಒಂದೇ ಎಮ್ಮೆ. ಮನೆಯ ಹೆಣ್ಣುಮಗಳು ಅತ್ತಿರಲಿಲ್ಲ, ಇವರು ಕೈ ತೊಳೆಯಲಿ ಎಂದು ಬಿಸಿನೀರು ಕೊಟ್ಟಿದ್ದಳು. ಅದೇ ಇವರ ಮನಸ್ಸಿಗೆ ಹತ್ತಿಕೊಂಡುಬಿಟ್ಟಿತ್ತು.

ಅಂಗಡಿಯ ಮುದುಕರು ಕನ್ನಡ ಬಲ್ಲವರು. “ದನಿ ಹೆಂಗ ಬೇಕು?” ಎಂದರು. ನಾನು ದಪ್ಪ, ಒರಟು, ಭಾರ ಎಂದೆಲ್ಲ ಹೇಳತೊಡಗಿದೆ. ಅವರಿಗೆ ತಿಳಿಯಲಿಲ್ಲ. ಆಗ ಡಾಕ್ಟರು ಅವತ್ತು ಮೊದಲ ಸಲ ಬಾಯಿ ತೆರೆದರು.

“ಕರಾ ಅಡ್ಡ ಸಿಕ್ಕೊಂಡ ಎಮ್ಮಿ ಕಡೀ ಸಲ ಒದರತೈತಿ ನೋಡ್ರಿ. ಆ ದನಿ. ಕೇಳಿದವರಿಗೆ ಎರಡು ದಿನ ಊಟ ಸೇರಬಾರದು.”

ಮುದುಕರು ನಗಲಿಲ್ಲ, ಬೇಸರಪಡಲೂ ಇಲ್ಲ. ಎರಡು ಪಿಕಪ್ ತೆಗೆದು ಮುಂದಿಟ್ಟರು. ಒಂದರೊಳಗೆ ಸಿರಾಮಿಕ್ ಆಯಸ್ಕಾಂತ, ಇನ್ನೊಂದರೊಳಗೆ ದನಿ ಮೆತ್ತಗಾಗಿಸುವ ಅಲ್ನಿಕೋ. ಸ್ವಲ್ಪ ಯೋಚಿಸಿ ಎರಡನೆಯದನ್ನು ಹಿಂದೆ ಸರಿಸಿದರು.

“ಎಮ್ಮಿಗೆ ಸಿರಾಮಿಕ್‌ನ ಒಯ್ಯರಿ. ಅಲ್ನಿಕೋ ಹಾಕಿದರ ಆಕಳ ಆಕ್ಕೈತಿ.”

೩. ದನಿ ಸುಧಾರಿಸಿದ್ದು

ಹೊಸ ಪಿಕಪ್ ಬಂದ ಮೇಲೆ ಮಾಸ್ತರರ ದನಿಯೂ ಸುಧಾರಿಸುತ್ತ ಬಂತು. ತಿಂಗಳಿಂದ ತಿಂಗಳಿಗೆ ಹೆಚ್ಚು ಒರಟು, ಹೆಚ್ಚು ಆಳ. “ಸರ, ಈಗ ಭಾಳ ಚಲೋ ಬರಾಕತ್ತೈತಿ” ಎಂದು ನಾವಿಬ್ಬರೂ ಹೊಗಳಿದ್ದೇ ಹೊಗಳಿದ್ದು. ನಾವು ಅಕ್ಕಾರು ಎಂದು ಕರೆಯುವ ಅವರ ಹೆಂಡತಿಗೆ ಮಾತ್ರ ಅನುಮಾನ. “ಹಾಡೂ ಮುಂದ ಹಂಗ ಇರಲಿ. ಚಹಾ ಬೇಡೂ ಮುಂದೂ ಹಂಗ ಯಾಕ?” ಎಂದು ಬೆಳಗಾವಿಗೆ ಕರೆದುಕೊಂಡು ಹೋದರು. ನಾನೂ ಹೋಗಿದ್ದೆ.

ಗಂಟಲಿನ ಡಾಕ್ಟರು ಪರೀಕ್ಷೆಗಳ ಕಾಗದ ನೋಡುತ್ತ ಕೇಳಿದರು, “ಸಿಗರೇಟು?”

“ಬಿಟ್ಟು ಹತ್ತು ವರ್ಷ ಆತ್ರಿ.”

“ಚೀರ್ತೀರೇನು?”

“ಸಾಲ್ಯಾಗ ಇಲ್ರಿ.”

ಕ್ಯಾನ್ಸರ್ ಎಂದರು. ಧ್ವನಿಪೆಟ್ಟಿಗೆ ಪೂರ್ತಿ ತೆಗೆಯಬೇಕು, ಕುತ್ತಿಗೆಯಲ್ಲಿ ಉಸಿರಿಗೆ ರಂಧ್ರ ಮಾಡುತ್ತೇವೆ, ಆಮೇಲೆ ಈಗಿನ ದನಿ ಇರುವುದಿಲ್ಲ ಎಂದರು. ಅಕ್ಕಾರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಿದ್ದರು. ಅದನ್ನು ಕಂಡ ಡಾಕ್ಟರು ಮಾತು ಬದಲಿಸಲೆಂದು, “ಚೀರೂದು ಅಂದರ ಎಂಥಾ ಚೀರೂದು? ಒಮ್ಮೆ ಸಣ್ಣಗೆ ತೋರಸ್ರಿ” ಎಂದರು.

ಮಾಸ್ತರರಿಗೆ ಸಣ್ಣಗೆ ಬರುವುದಿಲ್ಲ. ಎದ್ದು ನಿಂತು ಕಣ್ಣು ಮುಚ್ಚಿ, ಇದ್ದಬದ್ದ ಉಸಿರನ್ನೆಲ್ಲ ಕೂಡಿಸಿ ಬಿಟ್ಟರು. ಬಾಗಿಲು ದಡಕ್ಕನೆ ತೆರೆಯಿತು. ಇಬ್ಬರು ನರ್ಸುಗಳು, ಒಬ್ಬ ವಾರ್ಡಿನವನು, ಹಿಂದೆ ಸ್ಟ್ರೆಚರ್. ಚೀರಿದವನು ನಾನೇ ಎಂದುಕೊಂಡು ಅವರಲ್ಲೊಬ್ಬರು ಆಗಲೇ ನನ್ನ ರಟ್ಟೆ ಹಿಡಿದಿದ್ದರು.

ಹೊರಗೆ ಬಂದ ಮೇಲೆ ಮಾಸ್ತರರು ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತರು. ಆಮೇಲೆ ಹೇಳಿದರು, “ಆರು ವರ್ಷ ಹಾಡೇನಿ. ನನ್ನ ದನಿಗೆ ಇಷ್ಟು ಲಗೂ ಮಂದಿ ಎದ್ದು ಬಂದಿದ್ದು ಇವತ್ತ.”

೪. ಎರಡನೇ ಚರಣ

ಆಪರೇಷನ್ನಿಗೆ ಎಂಟು ದಿನ ಉಳಿದಿತ್ತು. ಇರುವ ದನಿಯಲ್ಲಿ ಒಂದು ಹಾಡನ್ನಾದರೂ ರೆಕಾರ್ಡ್ ಮಾಡಿ ಇಡೋಣ ಎಂದರು ಮಾಸ್ತರರು. ಸಾವಿನ ಬಗ್ಗೆ ಅವರೇ ಬರೆದ ಹಾಡು, ನಮ್ಮ ಅತ್ಯಂತ ಭಾರದ ಹಾಡು.

ಶುರು ಮಾಡಿದೊಡನೆ ಪಿಕಪ್ ಕಿರ್‍ರ್ ಎಂದು ಕಿರುಚತೊಡಗಿತು. ಒಳಗಿನ ಸುರುಳಿ ಸಡಿಲವಾಗಿದ್ದರೆ ಹಾಗಾಗುತ್ತದೆ. ಕರಗಿಸಿದ ಮೇಣದಲ್ಲಿ ಅದ್ದಿ ಸುತ್ತುಗಳ ನಡುವೆ ಮೇಣ ಇಳಿಸಿದರೆ ಸರಿಹೋಗುತ್ತದೆ. ಶೆಡ್ಡಿನಲ್ಲೇ ಒಲೆ ಹಚ್ಚಿ ಮೇಣಬತ್ತಿ ಕರಗಿಸಿದೆ. ಮೇಣ ಕರಗುವಷ್ಟು ಬಿಸಿ ಸಾಕು, ಕುದಿಯಬಾರದು. ನನ್ನ ಕಣ್ಣು ಮಾತ್ರ ಪಾತ್ರೆಯ ಮೇಲಿರಲಿಲ್ಲ. ಗೋಡೆಗೆ ಒರಗಿ ಕೂತು ನೀರು ನುಂಗಲು ಕಷ್ಟಪಡುತ್ತಿದ್ದ ಮಾಸ್ತರರ ಮೇಲಿತ್ತು. ಮೇಣ ಕುದಿಯಿತು. ಪಿಕಪ್ಪಿನ ಪ್ಲಾಸ್ಟಿಕ್ ಕರಗಿ ಶೇಂಗಾ ಚಿಕ್ಕಿಯ ಹಾಗೆ ಮುದ್ದೆಯಾಯಿತು. ದನದ ಡಾಕ್ಟರು ಬಾಗಿ ಒಮ್ಮೆ ಮುಟ್ಟಿ ನೋಡಿ, ದನ ಸತ್ತಾಗ ಹಟ್ಟಿಗಳಲ್ಲಿ ಹೇಳುವ ದನಿಯಲ್ಲೇ ಹೇಳಿದರು, “ಹೋತು.”

ಬೇರೆ ದಾರಿ ಇರಲಿಲ್ಲ. ಗಿಟಾರ್ ಇಲ್ಲದೆ, ಡ್ರಮ್ಮು ಮತ್ತು ದನಿ ಎರಡನ್ನೇ ರೆಕಾರ್ಡ್ ಮಾಡಿದೆವು. ಮಾಸ್ತರರು ಗಂಟಲು ಹರಿದುಹೋಗುವ ಹಾಗೆ ಹಾಡಿದರು. ಮುಗಿದ ಮೇಲೆ ಮೂವರೂ ನೆಲದ ಮೇಲೆ ಕೂತು ಕೇಳಿದೆವು.

ಮೊದಲ ಚರಣದಲ್ಲಿ ಸಾವು, ಮಣ್ಣು, ಕತ್ತಲೆ. ಎರಡನೆಯ ಚರಣ ಸ್ವಚ್ಛವಾಗಿ ಕೇಳಿಸಿತು. “ಹದಿನೇಳ ಒಂದ್ಲೆ ಹದಿನೇಳು. ಹದಿನೇಳ ಎರಡ್ಲೆ ಮೂವತ್ನಾಕು. ಹದಿನೇಳ ಮೂರ್ಲೆ ಐವತ್ತೊಂದು.”

ನಾನು ರೆಕಾರ್ಡು ನಿಲ್ಲಿಸಿದೆ. ಮಾಸ್ತರರು ನೆಲ ನೋಡುತ್ತ, “ಎರಡನೇ ಚರಣ ಬರಿಯೂದು ಉಳಕೊಂಡಿತ್ತು. ಗಿಟಾರಿನ ಗದ್ದಲದಾಗ ಗೊತ್ತಾಗತಿರಲಿಲ್ಲ” ಎಂದರು.

ದನದ ಡಾಕ್ಟರು ಡ್ರಮ್ಮಿನ ಕೋಲುಗಳನ್ನು ನೆಲಕ್ಕಿಟ್ಟು ಹೇಳಿದರು, “ಆರು ವರ್ಷ, ಆ ಚರಣಕ್ಕ ಬಂದಾಗ ನನ್ನ ಕಣ್ಣಾಗ ನೀರು ಬರ್ತಿತ್ತು.”

೫. ಮೂವತ್ನಾಲ್ಕು

ಆಪರೇಷನ್ ಆಯಿತು. ಮಾತಾಡಲು ಆಸ್ಪತ್ರೆಯವರು ಟಾರ್ಚಿನಂಥ ಒಂದು ಯಂತ್ರ ಕೊಡಿಸಿದರು. ಕುತ್ತಿಗೆಗೆ ಒತ್ತಿ ಹಿಡಿದರೆ ಅದು ಗುಂಯ್‌ಗುಡುತ್ತದೆ, ತುಟಿ ನಾಲಗೆ ಆಡಿಸಿದರೆ ಆ ಗುಂಯ್ ಮಾತಾಗುತ್ತದೆ. ಮಾಸ್ತರರು ಒಂದೇ ಸಲ ಅದರಲ್ಲಿ ಮಾತಾಡಿದರು, ತಮ್ಮ ದನಿ ತಾವೇ ಕೇಳಿಸಿಕೊಂಡರು, ಕಪಾಟಿನಲ್ಲಿ ಇಟ್ಟುಬಿಟ್ಟರು. ನಾವು ನೋಡಲು ಹೋದಾಗ ಪಾಟಿಯ ಮೇಲೆ ಬರೆದು ತೋರಿಸಿದರು: “ಹುಡುಗರು ನಗತಾವ.” ಸ್ವಯಂ ನಿವೃತ್ತಿಯ ಅರ್ಜಿ ಬರೆದು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು ಓಡಾಡತೊಡಗಿದರು.

ಶನಿವಾರ ಮಧ್ಯಾಹ್ನ ಮಾತ್ರ ಪಾಟಿ ಹಿಡಿದು ಗೋಕಾಕಕ್ಕೆ, ನನ್ನ ಅಂಗಡಿಗೆ ಬರುತ್ತಿದ್ದರು. ಸುಟ್ಟ ಪಿಕಪ್ಪಿನ ಪಾಪ ನನ್ನ ತಲೆಯ ಮೇಲಿತ್ತಲ್ಲ, ನಾನು ಕೈಯಿಂದಲೇ ಒಂದನ್ನು ಸುತ್ತಲು ಕೂತಿದ್ದೆ. ಹದಿನೈದು ವರ್ಷ ಮೋಟರು ಸುತ್ತಿದವನಿಗೆ ಇದೇನು ದೊಡ್ಡದು ಎಂದುಕೊಂಡಿದ್ದೆ. ಉಸಿರು ತಾಗಿದರೂ ಹರಿಯುವ ತಂತಿ ಅದು. ನಾಲ್ಕು ಸಲ ಹರಿಯಿತು. ಐದನೆಯದು ಪೂರ್ತಿಯಾಯಿತು. ಗಿಟಾರಿಗೆ ಕೂಡಿಸಿ ಬಾರಿಸಿ ತೋರಿಸಿದೆ.

ಮಾಸ್ತರರು ಕಣ್ಣು ಮುಚ್ಚಿ ಕೇಳಿದರು. ಪಾಟಿಯ ಮೇಲೆ ಬರೆದರು: “ನೂರಕ್ಕೆ ಮೂವತ್ನಾಲ್ಕು.”

“ಸರ, ಪಾಸಿಗೆ ಮೂವತ್ತೈದು. ಒಂದ ಮಾರ್ಕು ಕೊಡ್ರಿ.”

ಅವರು ಅಂಗೈಯಿಂದ ಒರೆಸಿ ಮತ್ತೆ ಬರೆದರು: “ಸಪ್ಲಿಮೆಂಟರಿ ಕಟ್ಟು.”

೬. ಬೇರಿಂಗು

ಮಾಸ್ತರರು ಆ ಅರ್ಜಿ ಕೊಡಲಿಲ್ಲ. ಈಗಲೂ ಹುಕ್ಕೇರಿಯಲ್ಲಿ ಗಣಿತ ಕಲಿಸುತ್ತಾರೆ, ಯಂತ್ರವನ್ನು ಕುತ್ತಿಗೆಗೆ ಒತ್ತಿ. ಹುಡುಗರು ಎರಡು ದಿನ ನಕ್ಕರಂತೆ, ಮೂರನೆಯ ದಿನ ಮಾಸ್ತರರು ಹೋಮ್‌ವರ್ಕ್ ಕೇಳಿದರಂತೆ, ಅಲ್ಲಿಗೆ ನಗು ಮುಗಿಯಿತು. ರೋಗ ತಿರುಗಿ ಬರುತ್ತದೋ ಇಲ್ಲವೋ ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ಮೂರು ತಿಂಗಳಿಗೊಮ್ಮೆ ಬೆಳಗಾವಿಗೆ ಹೋಗಿ ತೋರಿಸಿಕೊಂಡು ಬರುತ್ತಾರೆ. ಅವರು ಮನಸ್ಸು ಬದಲಿಸಿದ್ದು ಹಾಗೊಂದು ದಿನ ಆಸ್ಪತ್ರೆಯಿಂದ ತಿರುಗಿ ಬರುವಾಗ, ನನ್ನ ಅಂಗಡಿಯಲ್ಲಿ.

ಅಕ್ಕಾರೂ ಜೊತೆಗಿದ್ದರು, ಸಿಟ್ಟಿನಲ್ಲಿದ್ದರು. “ಡಾಕ್ಟರು ದಿನಾ ಮಾತಾಡಾಕ ಹೇಳ್ಯಾರ. ಇವರು ಬಾಯಿ ಬಿಡವಲ್ಲರು. ನಾ ಗ್ವಾಡಿ ಕೂಡ ಸಂಸಾರ ಮಾಡಲೇನ?” ಎಂದು ಚೀಲದಿಂದ ಯಂತ್ರ ತೆಗೆದು ಮೇಜಿನ ಮೇಲೆ ಕುಕ್ಕಿದರು. ಮೇಜಿನ ಮೇಲೆ ಗಿಟಾರ್ ಇತ್ತು, ಅದಕ್ಕೆ ನಾನು ಮತ್ತೆ ಸುತ್ತಿದ ಹೊಸ ಪಿಕಪ್. ಅದಕ್ಕೆ ಮೇಣ ಕುಡಿಸಿರಲಿಲ್ಲ. ಆನ್ ಆಗಿಯೇ ಇದ್ದ ಆಂಪ್ಲಿಫೈಯರಿನ ದನಿ ಒರಟು ಮಾಡುವ ಗುಂಡಿ ತುತ್ತತುದಿಗೆ ತಿರುಗಿತ್ತು.

ಮಾಸ್ತರರ ಪಾಟಿ ಬಸ್ಸಿನಲ್ಲೇ ಉಳಿದುಹೋಗಿತ್ತು. ಅವರು ಗಿಟಾರಿನ ಮೇಲೆ ಬಾಗಿ ನನ್ನ ಕೆಲಸ ನೋಡಿದರು. ಏನೋ ತಪ್ಪು ಕಂಡಿತು. ಬೆರಳು ತೋರಿಸಿದರು, ನನಗೆ ತಿಳಿಯಲಿಲ್ಲ. ಮತ್ತೆ ತೋರಿಸಿದರು, ಮತ್ತೂ ತಿಳಿಯಲಿಲ್ಲ. ದಡ್ಡ ವಿದ್ಯಾರ್ಥಿಯನ್ನು ಕಂಡರೆ ಅವರಿಗೆ ತಡೆಯಲಾಗುವುದಿಲ್ಲ. ಯಂತ್ರ ತೆಗೆದುಕೊಂಡು ಕುತ್ತಿಗೆಗೆ ಒತ್ತಿ, ಬಾಗಿದಲ್ಲಿಂದಲೇ ಅಂದರು, “ಸ್ಕ್ರೂ ಸಡ್ಲ ಐತಿ.”

ಅದು ಆಂಪ್ಲಿಫೈಯರಿನಿಂದ ಬಂತು. ಯಂತ್ರದ ಗುಂಯ್ ನೇರ ಸುರುಳಿಗೆ ಇಳಿದಿತ್ತು. ಮೇಣವಿಲ್ಲದ ಪಿಕಪ್ ಅವರ ಬಾಯಿಯ ಮಾತನ್ನು ಮೈಕಿನ ಹಾಗೆ ಹಿಡಿದಿತ್ತು. ಗೋಡೆಗೆ ತೂಗುಹಾಕಿದ ತಂತಿಯ ಸುರುಳಿಗಳು ನಡುಗಿದವು. ಆರು ವರ್ಷ ಆ ಗಂಟಲಿನಿಂದಲೂ ಅಂಥ ದನಿ ಬಂದಿರಲಿಲ್ಲ.

ಮಾಸ್ತರರು ಹಾಗೇ ನಿಂತರು. ಆಂಪ್ಲಿಫೈಯರನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಇನ್ನಷ್ಟು ಬಾಗಿ, ತುಟಿ ತಂತಿಗಳಿಗೆ ತಾಗುವಷ್ಟು ಹತ್ತಿರ ತಂದು, ಹೆಂಡತಿಯನ್ನು ಹೆಸರು ಹಿಡಿದು ಕರೆದರು. ಅವರು ಹಾಗೆ ಕರೆದದ್ದನ್ನು ನಾನಂತೂ ಎಂದೂ ಕೇಳಿರಲಿಲ್ಲ. ಅಕ್ಕಾರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅತ್ತರೋ ನಕ್ಕರೋ ತಿಳಿಯಲಿಲ್ಲ.

ಹೊರಗೆ ಬೆಂಚಿನ ಮೇಲೆ ಬೆಲ್ಲದ ಬಾಗೇವಾಡಿಯ ರೈತರೊಬ್ಬರು ತಮ್ಮ ಮೋಟರು ತಯಾರಾಗುವುದನ್ನು ಕಾಯುತ್ತ ಕೂತಿದ್ದರು. ಅವರು ಗಾಬರಿಯಾಗಿ ಬಾಗಿಲಿಗೆ ಬಂದರು. ಅವರಿಗೆ ಕಂಡದ್ದು ಮೇಜಿನ ಮೇಲೆ ಬಾಗಿದ ಮಾಸ್ತರರ ಬೆನ್ನು ಮಾತ್ರ.

“ಏನ್ರಿ ಮಿಸ್ತ್ರಿ, ನಮ್ಮ ಮೋಟರು ಸುಟ್ಟಿತೇನ್ರಿ ಮತ್ತ?”

ನಾನು ಬಾಯಿ ತೆರೆಯುವ ಮೊದಲೇ ಆಂಪ್ಲಿಫೈಯರ್ ಗುಡುಗಿತು, “ಇಲ್ಲ. ಚಾಲೂ ಆತು.”

ರೈತರು ತಲೆ ಓರೆ ಮಾಡಿ, ಕೊನೆಯ ಗುಂಯ್ ಅಡಗುವವರೆಗೂ ಗಮನವಿಟ್ಟು ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು, “ಚಾಲೂ ಏನೋ ಖರೆನ ಆಗೇತಿ. ಆದರ ಬೇರಿಂಗು ಹೋಗ್ಯಾವ, ನೋಡ್ರಿ.”