ಆರ್ಜೂ ಹುಟ್ಟಿದ ದಿನ ಜಗತ್ತಿನಾಗ ಆದದ್ದು

ತಸ್ಲೀಮಾಗೆ ಹೊಟ್ಟೆಕಿಚ್ಚು ಬಂದದ್ದು ಓಣಿಯವರ ಮೇಲಲ್ಲ, ನಾದಿನಿಯ ಮೇಲೂ ಅಲ್ಲ. ದೂರದೇಶದ ಒಬ್ಬ ಟೆನಿಸ್ ಆಟಗಾರ್ತಿಯ ಮೇಲೆ. (ಆಕೆಯ ಹೆಸರು ನೆಟ್ಟಗೆ ಹೇಳಲೂ ಬರುತ್ತಿರಲಿಲ್ಲ.) ಐದನೇ ಇಯತ್ತೆಯ ಮಗಳು ಆರ್ಜೂಗೆ ಸಾಲಿಯಲ್ಲಿ ಹೋಂವರ್ಕ್ ಕೊಟ್ಟಿದ್ದರು: ಒಬ್ಬ ಆಟಗಾರರು ಹುಟ್ಟಿದ ತಾರೀಖು, ಅವತ್ತು ಜಗತ್ತಿನಲ್ಲಿ ನಡೆದದ್ದು ಬರೆಯಿರಿ; ಆಮೇಲೆ ಮನೆಯ ಒಬ್ಬರದೂ ಹಾಗೇ ಬರೆಯಿರಿ. ಆಟಗಾರ್ತಿಯದು ಮೊಬೈಲಿನಲ್ಲಿ ಚಿಟಿಕೆ ಹೊಡೆಯುವಷ್ಟರಲ್ಲಿ ಸಿಕ್ಕಿತು. ಒಂದು ದೇಶದಲ್ಲಿ ಚುನಾವಣೆ, ಇನ್ನೊಂದರಲ್ಲಿ ಭೂಕಂಪ, ಮತ್ತೆಲ್ಲೋ ಹಿಮ. ಅವಳು ಹುಟ್ಟಿದ್ದಕ್ಕೆ ಇಡೀ ಭೂಮಂಡಲವೇ ಮೈಮೇಲೆ ಬಂದಂತೆ ಕುಣಿದಿತ್ತು.

ತಸ್ಲೀಮಾಳ ತಾರೀಖು ಜೂನ್ ಒಂದು. ಸಾಲಿಗೆ ಹೆಸರು ಹಚ್ಚುವಾಗ ಮಾಸ್ತರು ದಯಪಾಲಿಸಿದ್ದು. ಅವಳ ವರ್ಗದ ಇಪ್ಪತ್ತಾರು ಮಂದಿ ಅದೇ ಶುಭದಿನ ಅವತರಿಸಿದವರು. ತನ್ನದೇ ಖರೇ ದಿನ ಒಂದಿದೆ, ವರ್ಷಕ್ಕೊಮ್ಮೆ ಮನೆ ಮುಂದೆಯೇ ಹಾದುಹೋಗುತ್ತದೆ, ಆಗೆಲ್ಲ ತಾನು ಅದರ ಗುರುತು ಸಿಗದೆ ಭಾಂಡೆ ತಿಕ್ಕುತ್ತಿರುತ್ತೇನೆ ಎಂಬ ಹಳಹಳಿ ಅವಳಿಗೆ.

ಮಗಳನ್ನು ಕರೆದುಕೊಂಡು ಕಮರಿಪೇಟೆಯ ತವರಿಗೆ ಹೋದಳು. ತಾಯಿ ತಾಜಬಿ ಬಳ್ಳೊಳ್ಳಿ ಸುಲಿಯುತ್ತಿದ್ದಳು.

"ಅಮ್ಮಿ, ನಾ ಖರೇನ ಹುಟ್ಟಿದ್ದು ಯಾವತ್ತ?"

"ನೀರ ಬಂದ ದಿನ."

"ಯಾವ ತಿಂಗಳಾ?"

"ನಳದಾಗ ಎಂಟ ದಿನಕ್ಕೊಮ್ಮೆ ಬರೂ ನೀರಿಗೆ ತಿಂಗಳ ಯಾರ ಕೇಳ್ತಾರ? ನಿಮ್ಮ ಅಬ್ಬಾ ಹದಿನಾಲ್ಕ ಕೊಡ ತುಂಬಿ, ಆಮ್ಯಾಲೆ ನಿನ್ನ ಮಾರಿ ನೋಡಿದ್ರು."

"ಜಗತ್ತಿನಾಗ ಏನಾಗಿತ್ತು ಅವತ್ತ?"

"ಬಾಜೂ ಮನಿಯಾಕಿ ನಮ್ಮ ಪಾಳಿಯೊಳಗ ತನ್ನ ಕೊಡ ಇಟ್ಲು. ಇವತ್ತಿಗೂ ನಾ ಮರತಿಲ್ಲ."

ತಸ್ಲೀಮಾಳ ಕಣ್ಣು ತುಂಬಿತು. ಅದು ಕಾಣಬಾರದೆಂದು ಸಿಟ್ಟು ಮಾಡಿದಳು. "ನಾ ನಿನ್ನಂಗಲ್ಲ. ಲಗ್ನ ಆದಾಗಿಂದ ದಿನಾ ಡೈರಿ ಬರದೇನಿ. ನನ್ನ ಮಗಳಿಗೆ ತಾ ಹುಟ್ಟಿದ್ದು ತಾಸ ತಾಸಿಂದ ಸಿಗ್ತದ. ಆರ್ಜೂ, ನಂದ ಬಿಡು, ನಿಂದ ಬರಿ."

"ನಡಿ, ನೋಡೇ ಬಿಡೂಣು," ಎಂದು ತಾಜಬಿ ಚಪ್ಪಲಿ ಮೆಟ್ಟಿದಳು.

ಬೈರಿದೇವರಕೊಪ್ಪದ ಮನೆಗೆ ಬಂದು ಟ್ರಂಕಿನಿಂದ ಆ ವರ್ಷದ ಡೈರಿಯನ್ನು ಹೊರತೆಗೆದದ್ದಾಯಿತು. ಆರ್ಜೂ ತಾನು ಹುಟ್ಟಿದ ಹಿಂದಿನ ದಿನದ ಪುಟದಿಂದ ಗಟ್ಟಿಯಾಗಿ ಓದಿದಳು: "'ಇವರ ನೀಲಿ ಅಂಗಿ ಇಸ್ತ್ರಿಗೆ ಕೊಡೂದು. ರವಾ ಮುಗದದ. ಹೊಟ್ಟಿ ಸಣ್ಣಗ ಕಡ್ಯಾಕತ್ತದ.'"

"ಮುಂದ?" ಎಂದಳು ತಾಜಬಿ.

ಮುಂದೆ ನಲವತ್ತು ದಿನ ಬಿಳಿ ಹಾಳೆ. ಆಮೇಲೆ ಒಂದೇ ಸಾಲು: 'ಇವತ್ತ ತಲಿಗೆ ಎಣ್ಣಿ ಹಚ್ಚಿಕೊಂಡೆ.'

ತಾರಿಹಾಳದ ಕಾರ್ಖಾನೆಯಿಂದ ಅದೇ ತಾನೇ ಬಂದ ಗಂಡ ಅಸ್ಫಾಕ ಬಾಗಿಲಲ್ಲೇ ನಿಂತು ಕೇಳಿಸಿಕೊಂಡ. "ಹೆಂಗೂ ನನ್ನ ಅಂಗಿ ಇತಿಹಾಸದಾಗ ಸೇರಿತಲ್ರಿ, ಅತ್ತಿ."

ತಸ್ಲೀಮಾ ನೆನೆಸಿಕೊಳ್ಳಲು ನೋಡಿದಳು. ಹೆರಿಗೆಯ ಮಂಚದ ಮೇಲೆ ತಿರುಗುತ್ತಿದ್ದ ಫ್ಯಾನು ಬಿಟ್ಟರೆ ಏನೂ ನೆನಪಾಗಲಿಲ್ಲ. ಅಷ್ಟರಲ್ಲಿ ಆರ್ಜೂ ಹಾಳೆ ಹಿಡಿದು ನಾನಿ ತಾಜಬಿಯ ಮಗ್ಗುಲಿಗೆ ಸರಿದಿದ್ದಳು.

"ಬರಕೋವಾ," ತಾಜಬಿ ಶುರು ಮಾಡಿದಳು. "ನಸಿಕಿನ್ಯಾಗ ಮಳಿ ಸಣ್ಣಗ ಹತ್ತಿತ್ತು. ನರ್ಸಬಾಯಿ ಕುಂಟಾಕತ್ತಿದ್ಲು. ನಿಮ್ಮ ಅಬ್ಬಾ ಗಡಿಬಿಡಿಯೊಳಗ ಒಂದ ತನ್ನದು, ಒಂದ ನನ್ನದು ಚಪ್ಪಲಿ ಹಾಕ್ಕೊಂಡ ಬಂದಿದ್ದ. ನಿನ್ನ ಕಿವಿ ಮ್ಯಾಲೆ ಕರೀ ಕೂದಲಿದ್ವು. ಹೊಲಸು ಅಂತ ಮೂರ ಸಲ ಒರಸೇನಿ."

ಆರ್ಜೂ ಬರೆದೇ ಬರೆದಳು. ಮನೆಯ ಏಕಮೇವ ಇತಿಹಾಸಕಾರ್ತಿಗೆ ಚಹಾ ಮಾಡುವ ಕೆಲಸ ಬಂತು.

"ಅಮ್ಮಿ," ತಸ್ಲೀಮಾ ಒಲೆಯ ಕಡೆಗೇ ಮುಖ ಮಾಡಿ ಕೇಳಿದಳು, "ಆವಾಗ ನಾ ಏನರೆ ಅಂದೆನ?"

"ನನ್ನ ಕರದಿ. ಅಮ್ಮಿ, ಅಮ್ಮಿ ಅಂತ, ಮೂರ ಓಣಿಗೆ ಕೇಳೂಹಂಗ. ನಾ ನಿನ್ನ ಕೈ ಹಿಡಕೊಂಡ ಅಲ್ಲೇ ನಿಂತಿದ್ದೆ. ಆದ್ರೂ ಕರಿಯೂದು ಬಿಡಲಿಲ್ಲ." ತಾಜಬಿ ಮೊಮ್ಮಗಳ ಕಡೆ ತಿರುಗಿದಳು. "ಅದನ್ನ ಬರೀಬ್ಯಾಡ ಬಿಡು. ಸಾಲ್ಯಾಗ ನಗ್ತಾರ."

ಆರ್ಜೂ ಆಗಲೇ ಬರೆದು, ಕೆಳಗೆ ಕೆಂಪು ಪೆನ್ನಿನಿಂದ ಎರಡು ಗೆರೆ ಎಳೆದಾಗಿತ್ತು.