ಮೈಸೂರುಪಾಕಿನ ತಟ್ಟೆಯ ಮೇಲೆ ನಾಲ್ಕು ವಾಲ್ವು

ನಮ್ಮ ಸೋದರಮಾವನಿಗೆ ಎರಡು ಕೈಗಳಿವೆ ಎಂದರೆ ಮದ್ದೂರಿನಲ್ಲಿ ಅರ್ಧ ಜನ ನಂಬುವುದಿಲ್ಲ! ಅವನ ಎಡಗೈ ಇರುವುದು ಪಟ್ಟೆಪಟ್ಟೆ ಚಡ್ಡಿಯ ಜೇಬಿನಲ್ಲಿ. ಪಂಚೆ ಉಟ್ಟರೂ ಅದನ್ನು ಎತ್ತಿ ಕಟ್ಟಿ, ಒಳಗಿನ ಜೇಬಿಗೇ ಕೈ ಇಳಿಬಿಡುತ್ತಾನೆ.

ಒಮ್ಮೆ ಮಳವಳ್ಳಿಯ ಮದುವೆಯೊಂದರಲ್ಲಿ ಹೆಣ್ಣಿನ ತಂದೆ ಬಾಗಿಲಲ್ಲಿ ಎರಡೂ ಕೈ ಜೋಡಿಸಿದರು. ಮಾವ ಬಲಗೈ ಒಂದನ್ನೇ ಎದೆಗೆ ತಂದು ಅರ್ಧ ನಮಸ್ಕಾರ ಮಾಡಿ ಊಟಕ್ಕೆ ನಡೆದುಬಿಟ್ಟ. ಅವರು ದಂಗಾಗಿ ನನ್ನ ಕಿವಿಯಲ್ಲಿ ಕೇಳಿದರು:

"ಲಕ್ವ ಒಡ್ದದಾ?"

"ಇಲ್ಲ, ಮನೇಲಿ ಆಂಪ್ಲಿಫೈಯರ್ ಮಾಡ್ತಾವ್ನೆ."

ಲಕ್ವವೇ ವಾಸಿ ಎಂಬಂತೆ ನೋಡಿದರು ಪಾಪ.

ಮಾವ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿಯವನು. ಹಳೆಯ ರೇಡಿಯೋಗಳಲ್ಲಿ ಇರುತ್ತಿತ್ತಲ್ಲ, ಗಾಜಿನ ವಾಲ್ವು, ಅಂಥವನ್ನು ಗುಜರಿಯಲ್ಲಿ ಹುಡುಕಿ ತಂದು ಆಂಪ್ಲಿಫೈಯರ್ ಕಟ್ಟಲು ಕೂತಿದ್ದ. ಅದರೊಳಗೆ ಮುನ್ನೂರು ವೋಲ್ಟು ಓಡಾಡುತ್ತದಂತೆ. ಎರಡೂ ಕೈ ಇಟ್ಟು ಶಾಕ್ ಹೊಡೆಸಿಕೊಂಡರೆ ಕರೆಂಟು ಎದೆಯನ್ನು ದಾಟಿಕೊಂಡೇ ಹೋಗುತ್ತದೆ. ಅದಕ್ಕೇ ಒಂದು ಕೈ ಜೇಬಿಗೆ.

"ಕೆಲಸ ಮಾಡುವಾಗ ಸರಿ ಮಾವ, ಮದುವೇಲಿ ಯಾಕೆ?"

"ಅಬ್ಯಾಸ ತಪ್ಪುದ್ರೆ ಪ್ರಾಣ ಓಯ್ತದೆ ಕಣ್ಲಾ!"

ಇದಕ್ಕಿಂತ ದೊಡ್ಡ ಆಘಾತ ದೀಪಾವಳಿಯಲ್ಲಿ ಕಾದಿತ್ತು. ಅತ್ತೆ ಒಲೆಯ ಮೇಲಿನ ಮೈಸೂರುಪಾಕನ್ನು ತಿರುವುತ್ತಾ, ಹೊಯ್ಯುವ ತಟ್ಟೆ ತರಲು ನನ್ನನ್ನು ಕಳಿಸಿದಳು. ಅಟ್ಟ, ಕಪಾಟು, ಮಂಚದ ಕೆಳಗೆ, ಎಲ್ಲೂ ಇಲ್ಲ. ಕೊನೆಗೆ ಕಂಡದ್ದು ಮಾವನ ಮೇಜಿನ ಮೇಲೆ, ಬೋರಲಾಗಿ! ಬೆನ್ನಿಗೆ ದುಂಡನೆಯ ತೂತು ಕೊರೆದು ನಾಲ್ಕು ವಾಲ್ವು ನಿಲ್ಲಿಸಿದ್ದಾನೆ. ಅತ್ತೆ ಬಂದು ನೋಡಿದಳು. ಅವಳು ಬೈಯಲೂ ಇಲ್ಲ. ಸುಮ್ಮನೆ ಒಳಗೆ ಹೋಗಿ ಊಟದ ತಟ್ಟೆಗೆ ಪಾಕ ಹೊಯ್ದಳು.

ಬೈಯದಿದ್ದುದಕ್ಕೆ ಕಾರಣವಿತ್ತು. ಮಾವನ ಈ ಹುಚ್ಚೆಲ್ಲ ಅವಳಿಗಾಗಿಯೇ. ಹತ್ತಿರದ ಚಿಕ್ಕರಸಿನಕೆರೆಯ ಹೆಂಗಸರ ಭಜನೆಯಲ್ಲಿ ಮೊದಲು ದನಿ ಎತ್ತುತ್ತಿದ್ದವಳು ಅತ್ತೆ. ಹೋದ ವರ್ಷ ಕುತ್ತಿಗೆಯ ಆಪರೇಷನ್ ಆದ ಮೇಲೆ ದನಿ ತೀರಾ ಸಣ್ಣದಾಗಿ, ಭಜನೆ ಬಿಟ್ಟು ಮನೆಯಲ್ಲಿ ಕೂತಳು. ಮಾವ ಎಷ್ಟೋ ಗೋಗರೆದ ಮೇಲೆ ಒಂದು ಮಾತು ಕೊಟ್ಟಿದ್ದಳು: "ನೀವು ಪಕ್ಕದಲ್ಲಿ ಗಿಟಾರ್ ಬಾರ್ಸುದ್ರೆ ಒಂದ್ಸಲ ಪದ ಯೋಳ್ತೀನಿ. ನಾಲ್ಕ್ ಜನದ್ ಮುಂದೆ ದನಿ ಬರ್ನಿಲ್ವಾ, ಇನ್ ಜನ್ಮದಲ್ಲಿ ಬಾಯ್ ಬುಡಕ್ಕಿಲ್ಲ."

ಹರೆಯದಲ್ಲಿ ಮಂಡ್ಯದ ಆರ್ಕೆಸ್ಟ್ರಾದಲ್ಲಿ ಬಾರಿಸುತ್ತಿದ್ದ ಎಲೆಕ್ಟ್ರಿಕ್ ಗಿಟಾರನ್ನು ಮಾವ ಅಟ್ಟದಿಂದ ಕೆಳಗಿಳಿಸಿದ. ಅಂಗಡಿಯಲ್ಲಿ ಸಿಗುವ ಆಂಪ್ಲಿಫೈಯರುಗಳಲ್ಲಿ ಅವಳ ದನಿ ಕೀರಲಾಗುತ್ತದೆ, ವಾಲ್ವಿನಲ್ಲಿ ತುಂಬಿಕೊಂಡು ಬರುತ್ತದೆ ಎಂದು ಹಟ ಹಿಡಿದ. ಒಂದು ಚಾನೆಲ್ಲು ಮೈಕಿಗೆ, ಇನ್ನೊಂದು ಗಿಟಾರಿಗೆ, ಎರಡಕ್ಕೂ ದನಿ ಏರಿಸಿ ಇಳಿಸುವ ಬೇರೆ ಬೇರೆ ತಿರುಪು.

ಪರೀಕ್ಷೆಗೆ ಮಂಡ್ಯದಿಂದ ನನ್ನನ್ನು ಕರೆಸಿ ಮೈಕಿನ ಮುಂದೆ ಕೂರಿಸಿದ. ನಾನು "ಹಲೋ ಹಲೋ" ಎಂದೆ. ಮಾವ ಬಲಗೈ ಒಂದರಲ್ಲೇ ಮೀಟುತ್ತಿದ್ದ ಗಿಟಾರು ನನ್ನನ್ನು ನುಂಗಿಹಾಕಿತು. ಮಾವ ಗಿಟಾರಿನ ತಿರುಪನ್ನು ಇಳಿಸಿದ. ಅಯ್ಯೋ, ನನ್ನ ದನಿಯೂ ಇಳಿಯಿತು! ಪೂರ್ತಿ ಸೊನ್ನೆಗೆ ತಂದ. ನಾನು ಗಂಟಲು ಹರಿಯುವಂತೆ ಕೂಗುತ್ತಿದ್ದರೂ ಸ್ಪೀಕರಿನಲ್ಲಿ ಉಸಿರಿಲ್ಲ!

"ಇದೆಂಥ ಮಾಟ ಮಾವ?"

"ಮಾಟ ಅಲ್ಲ ಕಣ್ಲಾ. ಎಲ್ಡ್ ಗದ್ದೆ ನೀರು ಒಂದೇ ತಾವ ಸೇರ್ತಾ ಅದೆ. ಇದರ ತೂಬು ಕೆಳೀಕ್ ಬುಟ್ರೆ ಅದರ ನೀರೂ ಅತ್ಲಾಗೇ ಅರ್ದೋಯ್ತದೆ. ನಡೂಕೆ ಒಂದೊಂದ್ ಬದು ಆಕ್ಬೇಕು."

ಬದು ಎಂದರೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ರೆಸಿಸ್ಟರು. ಎರಡು ಚಾನೆಲ್ಲು ಕೂಡುವುದಕ್ಕೆ ಮುಂಚೆ ಒಂದೊಂದಕ್ಕೂ ಒಂದೊಂದು. ಚಿಕ್ಕದು ಹಾಕಿದರೆ ದನಿ ಮತ್ತೆ ಸೋರುತ್ತದೆ, ದೊಡ್ಡದು ಹಾಕಿದರೆ ಎರಡೂ ಮಂಕು. ಎಷ್ಟು ಭಾನುವಾರ ಬಿಚ್ಚಿದ, ಎಷ್ಟು ಸಲ ಬೆಸುಗೆ ಹಾಕಿದ! ಹಾಲಿನವನನ್ನೂ ಹಿಡಿದು ಕೂರಿಸಿ "ಹಲೋ" ಎನ್ನಿಸಿದ. ಆ ಮನುಷ್ಯ ಮಾರನೆಯ ದಿನದಿಂದ ಹಾಲನ್ನು ಗೇಟಿಗೆ ನೇತುಹಾಕಿ ಓಡುತ್ತಿದ್ದ.

ಕೊನೆಗೊಂದು ದಿನ ಗಿಟಾರು ಸೊನ್ನೆಗಿಳಿದರೂ ನನ್ನ "ಹಲೋ" ಅಲ್ಲಾಡದೆ ನಿಂತಿತು. ಮಾವ ಕುಣಿದ, ಕೈ ಜೇಬಿನಲ್ಲೇ ಇಟ್ಟುಕೊಂಡು!

ಮುಂದಿನ ಸೋಮವಾರ ಸಂಜೆ ಚಿಕ್ಕರಸಿನಕೆರೆಯ ದೇವಸ್ಥಾನದಲ್ಲಿ ಭಜನೆ. ಮೈಸೂರುಪಾಕಿನ ತಟ್ಟೆಯ ಮೇಲೆ ಹೊಳೆಯುತ್ತಿದ್ದ ವಾಲ್ವುಗಳನ್ನು ಕಂಡು ಹೆಂಗಸರು ದೂರ ಸರಿದು ಕೂತರು. ಅತ್ತೆ ಮೈಕಿನ ಮುಂದೆ ಕೂತಳು. ಮಾವ ಎಡಗೈಯನ್ನು ಜೇಬಿನಿಂದ ತೆಗೆದು ಗಿಟಾರು ಹಿಡಿದ. ಅತ್ತೆ ಮೊದಲ ಸಾಲು ಎತ್ತಿದಳು. ದನಿ ಇತ್ತು, ಆದರೆ ತೀರಾ ಸಣ್ಣದು, ಗಿಟಾರಿನಡಿ ಕೇಳದಾಗುತ್ತಿತ್ತು. ಅವಳು ಗಾಬರಿಯಿಂದ ಮಾವನತ್ತ ನೋಡುವಷ್ಟರಲ್ಲಿ ಅವನು ಗಿಟಾರಿನ ತಿರುಪನ್ನು ಮೆಲ್ಲಗೆ ತಿರುಗಿಸಿದ. ಪೂರ್ತಿ ಸೊನ್ನೆಗೆ! ಅತ್ತೆಯ ದನಿ ಇಳಿಯಲಿಲ್ಲ. ಬೆಚ್ಚಗೆ ತುಂಬಿಕೊಂಡು ಪ್ರಾಕಾರದವರೆಗೂ ಹೋಯಿತು. ಹಿಂದೆ ಕೂತಿದ್ದವರು ತಾಳ ಹಿಡಿದರು. ಮಾವ ಕಣ್ಣು ಮುಚ್ಚಿ, ತಲೆದೂಗುತ್ತಾ, ಯಾರಿಗೂ ಕೇಳದ ಗಿಟಾರನ್ನು ಐದು ಪದ ಮುಗಿಯುವವರೆಗೂ ಬಾರಿಸಿದ.

ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಮುಗಿದ ಕೂಡಲೇ ಅವನ ಬಳಿ ಓಡಿದೆ.

"ಎಂಗಿತ್ಲಾ?" ಎಂದ.

"ನಿಂದು ಒಂಚೂರೂ ಕೇಳಿಸ್ಲಿಲ್ಲ ಮಾವ!"

"ನಂದ್ ಬುಡ್ಲಾ. ಅವಳ್ದು?"

ಅಷ್ಟರಲ್ಲಿ ಅತ್ತೆಯೇ ಬಂದಳು. "ಇವತ್ತು ಎಷ್ಟ್ ಚೆಂದಾಗ್ ಬಾರ್ಸುದ್ರಿ!" ಎಂದಳು. ಸುತ್ತಲಿದ್ದ ಹೆಂಗಸರು ಮುಖ ಮುಖ ನೋಡಿಕೊಂಡರು. ಆಮೇಲೆ ನನಗೆ ಹೊಳೆಯಿತು: ಪಕ್ಕದಲ್ಲೇ ಕೂತಿದ್ದವಳಿಗೆ ಆ ಬರಿ ತಂತಿಯ ಸದ್ದು ಕೇಳಿಸಿತ್ತು. ಅವಳೊಬ್ಬಳಿಗೆ.

ಹೊರಗೆ ಆಟೋ ಕಾಯುತ್ತಾ ನಿಂತೆವು. ಮಾವನ ಎಡಗೈ ಅಭ್ಯಾಸದಂತೆ ಜೇಬಿನ ಕಡೆ ಹೊರಟಿತ್ತು. ಅತ್ತೆ ಅದನ್ನು ದಾರಿಯಲ್ಲೇ ಹಿಡಿದುಕೊಂಡಳು. ನಮ್ಮ ಕಡೆ ಗಂಡಹೆಂಡಿರು ನಾಲ್ಕು ಜನರೆದುರು ಹೀಗೆ ಕೈ ಹಿಡಿಯುವುದುಂಟೆ! ಆಟೋ ಬರುವವರೆಗೂ ಅವಳು ಬಿಡಲಿಲ್ಲ.