ಐದನೇ ತಿಂಗಳು ತೋಳ ಒಯ್ತು

ಮಗಳಿಗೆ ಹೆಸರಿಡುವಾಗ ನಾನು ಯಾರ ಮಾತನ್ನೂ ಕೇಳಲಿಲ್ಲ. ಈಗ ಅನುಭವಿಸುತ್ತಿದ್ದೇನೆ.

ನನ್ನ ತವರು ಮೈಸೂರಿನ ಗೆಳತಿಯರೆಲ್ಲ ಮೊಬೈಲಿನಲ್ಲಿ ಹೆಸರು ಹುಡುಕಿದರೆ, ನಾನು ನೇರವಾಗಿ ವಂಶದ ಬೇರಿಗೇ ಕೈಹಾಕಿದೆ. ನಮ್ಮವರ (ಪ್ರಭುಲಿಂಗ ಎಂಬ, ಕರೆದರೆ ಓಗೊಡದ ಪ್ರಾಣಿಯ) ಮುತ್ತಜ್ಜ ದೊಡ್ಡತಿಮ್ಮಪ್ಪನವರ ಕಡತವೊಂದು ಬಿ.ದುರ್ಗದ ಹಳೇ ಮನೆಯ ಅಟ್ಟದಿಂದ ಚಿತ್ರದುರ್ಗದ ನಮ್ಮ ಮನೆಗೆ ಬಂದಿತ್ತು. ಇದ್ದಿಲು, ಹುಣಸೆಬೀಜದ ಅಂಟು ಬಳಿದ ಕಪ್ಪು ಬಟ್ಟೆ. ಮಡಿಕೆ ಮಡಿಕೆಯಾಗಿ ಬಿಚ್ಚಿಕೊಳ್ಳುತ್ತದೆ. ಅದರ ಮೇಲೆ ಬಳಪದ ಬಿಳಿ ಅಕ್ಷರಗಳು, ಒಂದರ ಬಾಲ ಇನ್ನೊಂದು ಕಚ್ಚಿಕೊಂಡು ಓಡುತ್ತಿದ್ದವು. ಓದಲಾದದ್ದು ಎರಡೇ: ಮೇಲೆ ‘ಮನೆ ಹೆಣ್ಣುಮಕ್ಕಳು’, ಅದರ ಕೆಳಗೆ ‘ಬೆಳ್ಳಿ’.

ಆಹಾ, ಕುಲದ ಆದಿಮಾತೆ! ಮಗಳಿಗೆ ಅದೇ ಹೆಸರಿಟ್ಟೆ. ನಾಮಕರಣದ ದಿನ ಅತ್ತೆ ಗಿರಿಯಮ್ಮ ಸೆರಗನ್ನು ಬಾಯಿಗೊತ್ತಿಕೊಂಡು ಮೈಯೆಲ್ಲ ಅಲುಗಿಸಿದರು. ಆನಂದಬಾಷ್ಪವೆಂದುಕೊಂಡೆ.

ಉಳಿದದ್ದನ್ನೂ ಓದುವ ದುರ್ಬುದ್ಧಿ ಬಂದದ್ದು ಮೊನ್ನೆ ಭಾನುವಾರ ಮಧ್ಯಾಹ್ನ. ಜೋಗಿಮಟ್ಟಿ ಗುಡ್ಡದ ಕಡೆಯ ಗಾಳಿ ಕಿಟಕಿಯನ್ನು ಯಾರೋ ತಟ್ಟಿದಂತೆ ತಟ್ಟುತ್ತಿತ್ತು. ಭೂತಗನ್ನಡಿ ಹಿಡಿದು ಒಂದೊಂದೇ ಅಕ್ಷರದ ಬಾಲ ಬಿಡಿಸಿದೆ.

‘ನೀಲಿ. ಗುಡ್ಡದ ಕಡೆ ಹೋದವಳು ಬರಲಿಲ್ಲ. ಕತ್ತಲಲ್ಲಿ ದನಿ ಮಾತ್ರ ಕೇಳುತ್ತದೆ.’

‘ಕೆಂಚಿಯ ಗಂಡುಮಗ. ಮನೆದೇವರಿಗೆ ಕೊಟ್ಟೆವು.’

ಕೊಟ್ಟೆವೇ? ಕೊನೆಗೆ ಮೇಲಿನ ಸಾಲಿಗೆ ಬಂದೆ.

‘ಬೆಳ್ಳಿ. ಎಡಗಿವಿ ಸೀಳು. ಐದನೇ ತಿಂಗಳು ತೋಳ ಒಯ್ತು. ತಾಯಿ ಮೂರು ದಿನ ಕೂಗಿದಳು.’

ತೊಟ್ಟಿಲಲ್ಲಿದ್ದ ನನ್ನ ಬೆಳ್ಳಿಗೆ ಹಿಂದಿನ ದಿನವಷ್ಟೇ ಐದನೇ ತಿಂಗಳು ಶುರುವಾಗಿತ್ತು. ಹೋದ ವಾರ ಕಿವಿ ಚುಚ್ಚಿಸಿದಾಗ ಬಾತುಕೊಂಡದ್ದೂ ಎಡಗಿವಿಯೇ! ಗಾಳಿ ಥಟ್ಟನೆ ನಿಂತಿತು. ಮಗು ಕಿಟಕಿಯನ್ನೇ ನೋಡುತ್ತ, ಅಲ್ಲಿ ಯಾರೋ ಇರುವಂತೆ ನಕ್ಕಿತು. ನಾನು ಅದನ್ನು ಎದೆಗವಚಿಕೊಂಡು ಮಲಗುವ ಕೋಣೆಗೆ ಓಡಿದೆ.

“ರೀ, ಏಳ್ರಿ! ನಿಮ್ಮ ವಂಶದಲ್ಲಿ ಮಕ್ಕಳನ್ನ ಬಲಿ ಕೊಡ್ತಿದ್ರು!”

“ಇವತ್ತು ಭಾನುವಾರ ಕಣೇ,” ಎಂದು ಇವರು ಮಗ್ಗುಲಾದರು. “ನಾಳೆ ಕೊಡ್ಲಿ ಬಿಡು.”

“ಬೆಳ್ಳಿ ಅನ್ನೋಳನ್ನ ತೋಳ ಎತ್ಕೊಂಡು ಹೋಗಿತ್ತಂತೆ!”

ಆಗ ನನ್ನ ಬೆನ್ನ ಹಿಂದೆ ತಣ್ಣನೆಯ ದನಿ ಕೇಳಿಸಿತು. “ಎಡಗಿವಿ ಸೀಳು ಅಂತ ಐತೇನವ್ವ?”

ಅತ್ತೆ! ಒಂದಕ್ಷರ ಓದಲು ಬಾರದ ಅತ್ತೆ!

“ನಿ... ನಿಮಗೆ ಹೇಗೆ ಗೊತ್ತು?”

“ನಮ್ಮ ಹಟ್ಟೀವಕ್ಕೆಲ್ಲ ಎಡಗಿವೀನೇ ಸೀಳಾದು. ಬ್ಯಾರೇರ ಮಂದೇಲಿ ಸೇರ್ಕಂಡ್ರೆ ಗುರುತು ಬ್ಯಾಡ್ವಾ?”

“ಯಾವ ಮಂದೆ?”

“ಕುರಿಮಂದೆ ಕಣವ್ವ!”

ಹಾಸಿಗೆಯ ಮೇಲಿನ ಪ್ರಾಣಿ ಹೊದಿಕೆಯೊಳಗೇ ಕಿಸಕ್ಕೆಂದಿತು.

“ಮತ್ತೆ ಮೇಲೆ ‘ಮನೆ ಹೆಣ್ಣುಮಕ್ಕಳು’ ಅಂತ ಬರೆದಿದೆಯಲ್ಲ?”

“ಇನ್ನೇನಂತ ಬರೀಬೇಕಿತ್ತು? ಹೆಣ್ಣು ಕುರಿ ಅಂದ್ರೆ ನಮಗೆ ಮನೆ ಮಗಳು. ಎಂಥಾ ಕಷ್ಟ ಬಂದ್ರೂ ಮಾರಂಗಿಲ್ಲ.”

“ಹಾಗಾದ್ರೆ ಮನುಷ್ಯರನ್ನ ಎಲ್ಲಿ ಬರೆದಿದ್ದಾರೆ?”

“ಮನುಷ್ಯರನ್ನ ಯಾಕವ್ವ ಬರೀಬೇಕು? ಅವರೇನು ಮೇಯಾಕೆ ಹೋಗಿ ತಪ್ಪಿಸ್ಕಂತಾರಾ?”

“ನಾಮಕರಣದ ದಿನವೇ ಹೇಳಬಾರದಿತ್ತೇ ಅತ್ತೆ?”

“ಓದಿದೋಳು ನೀನು. ಓದೇ ಇಟ್ಟಿರ್ತೀಯ ಅಂದ್ಕಂಡೆ.” ಅತ್ತೆ ಮೊಮ್ಮಗಳತ್ತ ತಿರುಗಿ ಕುರಿ ಕರೆಯುವ ಹಾಗೆ ನಾಲಿಗೆಯಿಂದ ‘ಟ್ರ್ರ್ರ್’ ಎಂದರು. ನಾನು ಎಷ್ಟು ಕೂಗಿದರೂ ತಿರುಗದ ಬೆಳ್ಳಿ ಕತ್ತು ಹೊರಳಿಸಿ ಕೈಚಾಚಿದಳು.

ಇನ್ನು ಹೆಸರು ಬದಲಿಸುವಂತೆಯೂ ಇಲ್ಲ; ಜನನ ಪ್ರಮಾಣಪತ್ರದಲ್ಲಿ ಸೇರಿಸಿ ಲ್ಯಾಮಿನೇಷನ್ ಮಾಡಿಸಿಯೂ ಆಗಿದೆ. ಕುರಿಯದೆಂದು ಗೊತ್ತಾದರೂ ಆ ‘ತಾಯಿ ಮೂರು ದಿನ ಕೂಗಿದಳು’ ಎಂಬ ಸಾಲು ಮನಸ್ಸಿನಿಂದ ಹೋಗಲಿಲ್ಲ. ಮರುದಿನ ಬೆಳಿಗ್ಗೆ ಮಗುವನ್ನು ಕಂಕುಳಲ್ಲಿಟ್ಟುಕೊಂಡೇ ಕಡತವನ್ನು ಕೊನೆಯ ಮಡಿಕೆಯವರೆಗೂ ಬಿಚ್ಚಿದೆ. ಅಲ್ಲೊಂದು ಹೊಸ ಸಾಲು ಕಾದಿತ್ತು. ಅತ್ತೆ ಹೇಳಿ, ಇವರ ಕೈಯಲ್ಲಿ ಬರೆಸಿದ್ದು. ಇದನ್ನು ಓದಲು ಭೂತಗನ್ನಡಿ ಬೇಕಾಗಲಿಲ್ಲ.

‘ಮೈಸೂರಿಂದ ತಂದದ್ದು. ಸುಮ್ಮಸುಮ್ಮನೆ ಬೆದರುತ್ತದೆ. ಮರಿಯನ್ನು ಬಿಟ್ಟು ಅಗಲುವುದಿಲ್ಲ. ಮಾರುವಂತಿಲ್ಲ.’